ಪ್ಯಾರಿಸ್ಸಿನಿಂದ ಫ್ರಾಂಕ್‌ಫರ್ಟಿಗೆ ಇನ್ನೂರ ಎಂಬತ್ತು ಮೈಲಿ

ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ನಿನ ಕನ್ನಡದವರ ಮನೆಯಲ್ಲಿ ಯಾರಾದರೂ ಊರಿಗೆ ಹೊರಡುವುದಿದ್ದರೆ ಬೇಸ್‌ಮೆಂಟಿನಿಂದ ಸೂಟ್‌ಕೇಸ್ ಮೇಲೆ ಬರುವುದು ಆಮೇಲೆ, ಮೊದಲು ಇಕ್ರಾಮ್‌ಗೆ ಫೋನ್ ಹೋಗುತ್ತಿತ್ತು. ಅವನೇನು ಟಿಕೆಟ್ ಮಾರುವವನಲ್ಲ. ಆಬರ್ನ್ ಹಿಲ್ಸಿನಲ್ಲಿ ಕಾರಿನ ಸೀಟ್ ಬೆಲ್ಟ್ ಪರೀಕ್ಷೆ ಮಾಡುವ ಎಂಜಿನಿಯರು. ದಿನಾ ಬೆಳಗ್ಗೆ ನಲವತ್ತು ಮೈಲಿ ಹೋಗಿ ಸಂಜೆ ನಲವತ್ತು ಮೈಲಿ ವಾಪಸ್ ಬರುವ, ಐವತ್ತನಾಲ್ಕರ, ಸ್ವಲ್ಪ ಹೊಟ್ಟೆ ಬಂದ ಹರಿಹರದ ಮನುಷ್ಯ. ಆದರೆ ವಿಮಾನದ ದಾರಿಗಳ ಹುಚ್ಚು ಅವನಿಗೆ ಎಷ್ಟಿತ್ತೆಂದರೆ, ಆಂಸ್ಟರ್‌ಡ್ಯಾಮಿನಿಂದ ಮ್ಯೂನಿಕ್ ಎಷ್ಟು ದೂರ ಅಂತ ಮದುವೆ ಊಟದ ಸಾಲಿನಲ್ಲಿ ಕೇಳಿದರೂ ತಟ್ಟೆ ಹಿಡಿದುಕೊಂಡೇ ಹೇಳುತ್ತಿದ್ದ: "ನಾನೂರ ಹದಿನೈದು ಮೈಲಿ. ಒಂದೂವರೆ ಗಂಟೆ. ಗೇಟಿಂದ ಗೇಟಿಗೆ ನಡೆಯೋಕೆ ಇಪ್ಪತ್ತು ನಿಮಿಷ ಬೇರೆ ಇಟ್ಕೊಳ್ಳಿ."

ಈ ಹುಚ್ಚಿಗೆ ಕಾರಣವೂ ಇತ್ತು. ಇಪ್ಪತ್ತಾರು ವರ್ಷದ ಹಿಂದೆ ಮೊದಲ ಸಲ ಈ ದೇಶಕ್ಕೆ ಹೊರಟಾಗ ಯೂರೋಪಿನ ಒಂದು ಏರ್‌ಪೋರ್ಟಿನಲ್ಲಿ ಗೇಟು ತಪ್ಪಿ, ಹತ್ತಬೇಕಾದ ವಿಮಾನ ಕಣ್ಣೆದುರೇ ಹೋಗಿಬಿಟ್ಟಿತ್ತು. ಹನ್ನೊಂದು ಗಂಟೆ ಒಂದೇ ಕುರ್ಚಿಯಲ್ಲಿ ಕೂತಿದ್ದ. ನೀರು ಕೇಳೋಕೂ ನಾಚಿಕೆ, ಯಾರ ಭಾಷೆಯೂ ತಿಳಿಯದು. ನಮ್ಮವರು ಇನ್ಯಾರೂ ಹೀಗೆ ಕೂರಬಾರದು ಅಂತ ಅವತ್ತೇ ಅಂದುಕೊಂಡ. ಅಲ್ಲಿಂದ ಶುರುವಾಯಿತು ನೋಡಿ, ಯಾವ ಊರಿಂದ ಯಾವ ಊರಿಗೆ ಎಷ್ಟು ಮೈಲಿ, ಹಾರೋಕೆ ಎಷ್ಟು ಹೊತ್ತು, ನಡುವೆ ಎಷ್ಟು ಬಿಡುವು ಅಂತ ಬರೆದಿಡುವುದು. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ, ಆಮೇಲೆ ಲ್ಯಾಪ್‌ಟಾಪಿನಲ್ಲಿ. ಹೆಂಡತಿ ಶರ್ಫುನ್ನೀಸಾ ಆ ಪಟ್ಟಿಗೆ "ನನ್ನ ಸವತಿ" ಅಂತ ಹೆಸರಿಟ್ಟಿದ್ದಳು.

ಮನುಷ್ಯ ಒಳ್ಳೆಯವನೇ. ಜಂಬ ಇತ್ತು, ಅಷ್ಟೆ. ಅವನು ಹೇಳಿದ ದಾರಿಯಲ್ಲಿ ಹೋಗಿ ಬಂದವರು ಇಂಡಿಯನ್ ಸ್ಟೋರಿನಲ್ಲಿ ಕೊತ್ತಂಬರಿ ಆರಿಸುತ್ತಾ ಸಿಕ್ಕಿ, "ಅಂಕಲ್, ಒಂದು ನಿಮಿಷ ಹೆಚ್ಚುಕಮ್ಮಿ ಆಗಲಿಲ್ಲ" ಅಂದರೆ ಸಾಕು, ಆ ದಿನವಿಡೀ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಜಂಬವೇ ಅವನನ್ನು ಕೆಡಿಸಿತು ಅಂತ ನಾನಂತೂ ಹೇಳುತ್ತೇನೆ. ಅವನನ್ನು ಕೇಳಿದರೆ ಜಂಬವಲ್ಲ, ಹೇಡಿತನ ಅನ್ನುತ್ತಾನೆ.

ನಡೆದದ್ದು ಹೀಗೆ. ಅವನ ಬಡಾವಣೆಯಲ್ಲೇ, ನಾಲ್ಕು ಮನೆ ಆಚೆ, ಗದಗಿನ ಚೇತನಾ ಇರುತ್ತಾಳೆ. ಹೋದ ಅಕ್ಟೋಬರಿನಲ್ಲಿ ಅವಳಿಗೆ ಎಂಟನೇ ತಿಂಗಳು. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದರು. ಬಾಣಂತನಕ್ಕೆ ಅವಳ ತಾಯಿ ಮಲ್ಲಮ್ಮ ಗದಗಿನಿಂದ ಬರಬೇಕು. ಮಲ್ಲಮ್ಮನ ತಂಗಿ ಪದ್ಮ, ಅವರದೂ ಇದೇ ಕಥೆ: ಶಿಕಾಗೊ ಹತ್ತಿರ ನೇಪರ್‌ವಿಲ್ಲಿನಲ್ಲಿ ತನ್ನ ಮಗಳು ಜಾನ್ವಿಯ ಬಾಣಂತನ ಮುಗಿಸಿ, ವೀಸಾದ ಆರು ತಿಂಗಳು ತುಂಬಿ, ಅದೇ ವಾರ ಬೆಳಗಾವಿಗೆ ವಾಪಸ್ ಹೊರಡಬೇಕು. ಅಕ್ಕ ಈ ಕಡೆ ಬರುವಾಗ ತಂಗಿ ಆ ಕಡೆ. ಪದ್ಮ ಅಮೆರಿಕಕ್ಕೆ ಬರುವಾಗ ಮಲ್ಲಮ್ಮ ಮಂಡಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು, ಅದಕ್ಕೂ ಮುಂಚೆ ಇನ್ನೇನೋ ಅಡ್ಡಿ. ಒಟ್ಟಿನಲ್ಲಿ ಇಬ್ಬರೂ ಮುಖಾಮುಖಿ ಕೂತು ಮಾತಾಡಿ ಎರಡು ವರ್ಷ ಆಗಿತ್ತು.

ಚೇತನಾಳ ಮನೆಯಲ್ಲಿ ಕೂತು ಇಕ್ರಾಮ್ ಟಿಕೆಟ್ ನೋಡುತ್ತಿದ್ದಾಗ ಮಲ್ಲಮ್ಮ ಗದಗಿನಿಂದ ವಿಡಿಯೊ ಕಾಲ್‌ನಲ್ಲಿ ಇದ್ದರು. ಅವರು ಬಹಳ ಸರಳವಾಗಿ ಕೇಳಿದರು:

"ತಮ್ಮಾ, ನಾ ಒಂದ್ ದಿನ ತಡಾ ಮಾಡಿ ಹೊಂಟ್ರ ಹೆಂಗ? ಅಕಿ ಬೆಂಗಳೂರಿಗೆ ಬಂದು ಇಳಿತಾಳಲ್ಲ, ಅಲ್ಲೇ ಅಕಿನ್ನ ನೋಡಿ ಹತ್ತತೀನಿ."

ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಒಂದು ದಿನದ ಮಾತು. ಆದರೆ ಇಕ್ರಾಮ್‌ನ ತಲೆಯೊಳಗೆ ಅಷ್ಟರಲ್ಲಿ ಪಟ್ಟಿ ತೆರೆದುಕೊಂಡಿತ್ತು. ಪದ್ಮಮ್ಮನ ಟಿಕೆಟ್ ಮಾಡಿಕೊಟ್ಟವನೂ ಅವನೇ. ಅವರು ಶಿಕಾಗೊದಿಂದ ಹೊರಟು ಬೆಳಗ್ಗೆ ಏಳೂಮುಕ್ಕಾಲಿಗೆ ಫ್ರಾಂಕ್‌ಫರ್ಟಿನಲ್ಲಿ ಇಳಿಯುತ್ತಾರೆ, ಮಧ್ಯಾಹ್ನ ಒಂದೂಕಾಲಿಗೆ ಬೆಂಗಳೂರಿನ ವಿಮಾನ ಹತ್ತುತ್ತಾರೆ. ಮಲ್ಲಮ್ಮನಿಗೆ ನೋಡಿಟ್ಟಿದ್ದು ಪ್ಯಾರಿಸ್ ಮೇಲೆ ಬರುವ ದಾರಿ, ನೇರ ಫ್ರಾಂಕ್‌ಫರ್ಟಿನದಕ್ಕೆ ಬೆಲೆ ಬಹಳ ಇತ್ತು. ಎಂಟೂ ಇಪ್ಪತ್ತಕ್ಕೆ ಪ್ಯಾರಿಸ್. ಅಲ್ಲಿಂದ ಫ್ರಾಂಕ್‌ಫರ್ಟಿಗೆ ಇನ್ನೂರ ಎಂಬತ್ತು ಮೈಲಿ, ಒಂದು ಗಂಟೆ ಹದಿನೈದು ನಿಮಿಷ.

"ಅಕ್ಕಾ, ಬೆಂಗಳೂರು ಯಾಕೆ? ನಿಮ್ಮಿಬ್ಬರನ್ನ ದಾರಿಯಲ್ಲೇ ಭೇಟಿ ಮಾಡಿಸ್ತೀನಿ," ಅಂದ. ಹೇಳುವಾಗ ಅವನ ಮುಖ ನೋಡಬೇಕಿತ್ತು. "ಇಲ್ಲಿ ಚೇತನಾಗೆ ಒಂದೊಂದು ದಿನಾನೂ ಭಾರ. ನೀವು ಪ್ಯಾರಿಸ್ಸಲ್ಲಿ ಇಳಿದು ಫ್ರಾಂಕ್‌ಫರ್ಟಿಗೆ ಒಂದು ಸಣ್ಣ ವಿಮಾನ ಹತ್ತಿ. ನಮ್ಮ ಡೆಟ್ರಾಯಿಟ್‌ನಿಂದ ಶಿಕಾಗೊ ಇದ್ದಂಗೆ, ಅಷ್ಟೇ ದೂರ. ಹನ್ನೊಂದೂ ಐದಕ್ಕೆ ಅಲ್ಲಿರ್ತೀರಿ. ಅಕ್ಕ ತಂಗಿ ಒಂದೂವರೆ ಗಂಟೆ ಕೂತು ಮಾತಾಡಿ. ಆಮೇಲೆ ಅವರು ಆ ಕಡೆ, ನೀವು ಈ ಕಡೆ."

"ಖರೇನ?" ಅಂದರು ಮಲ್ಲಮ್ಮ. "ಹಂಗಾದ್ರ ನಾ ಬುತ್ತಿ ಕಟ್ಟಿಕೊಂಡ ಬರ್ತೀನಿ. ಶೇಂಗಾ ಹೋಳಿಗಿ ಅಂದ್ರ ಅಕಿ ಜೀವಾ ಬಿಡ್ತಾಳ."

ಚೇತನಾ ಮಲಗಿದಲ್ಲೇ ಚಪ್ಪಾಳೆ ಹೊಡೆದಳು. ಜಾನ್ವಿ ನೇಪರ್‌ವಿಲ್ಲಿನಿಂದ ಫೋನ್ ಮಾಡಿ, "ಅಂಕಲ್, ಯು ಆರ್ ಎ ಜೀನಿಯಸ್" ಅಂದಳು. ಪದ್ಮಮ್ಮ ಮಗಳ ಕೈಯಿಂದ ಫೋನ್ ಕಸಿದುಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿಪಾ" ಅಂದರು. ಆ ಮಾತು ಇಕ್ರಾಮ್‌ನ ಕಿವಿಯಲ್ಲಿ ಇವತ್ತಿಗೂ ಇದೆ.

ಹದಿಮೂರನೇ ತಾರೀಖು ಮಧ್ಯಾಹ್ನ ಒಂದೂ ಇಪ್ಪತ್ತು. ಆಫೀಸಿನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಿದ್ದ, ಮಲ್ಲಮ್ಮನ ಫೋನ್ ಬಂತು. ಬೆಂಗಳೂರು ಏರ್‌ಪೋರ್ಟಿನಿಂದ, ಅಲ್ಲಿ ಆಗ ರಾತ್ರಿ ಹನ್ನೊಂದರ ಸಮೀಪ. ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಫೋನನ್ನು ಕೌಂಟರಿನ ಹುಡುಗಿಯ ಕೈಗೆ ಕೊಟ್ಟರು. ಆ ಹುಡುಗಿ ಬಹಳ ಮರ್ಯಾದೆಯಿಂದ, ನಿಧಾನವಾಗಿ ವಿವರಿಸಿದಳು. ಪ್ಯಾರಿಸ್ಸಿನಲ್ಲಿ ಇಳಿದು ಅಲ್ಲಿಂದಲೇ ಅಮೆರಿಕದ ವಿಮಾನ ಹತ್ತುವುದಾಗಿದ್ದರೆ ಅಮೆರಿಕದ ವೀಸಾ ಸಾಕಿತ್ತು ಸಾರ್. ಆದರೆ ಪ್ಯಾರಿಸ್ಸಿನಿಂದ ಫ್ರಾಂಕ್‌ಫರ್ಟಿಗೆ ಹಾರುವುದೆಂದರೆ ಅದು ಅವರ ಒಳಗಿನ ದಾರಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ ಹಾಗೆ. ಭಾರತದ ಪಾಸ್‌ಪೋರ್ಟಿನವರಿಗೆ ಅದಕ್ಕೆ ಯೂರೋಪಿನ ವೀಸಾ ಬೇಕು. ಇವರಿಗೆ ಇಲ್ಲ. ನಾವು ಹತ್ತಿಸೋ ಹಾಗಿಲ್ಲ.

ಇಕ್ರಾಮ್ ಡಬ್ಬಿ ಮುಚ್ಚಿದ. ಗೊತ್ತಿರದ ಮಾತೇ ಇದು? ಅವನೂ ಹದಿನೆಂಟು ವರ್ಷ ಅದೇ ಪಾಸ್‌ಪೋರ್ಟ್ ಹಿಡಿದು ಓಡಾಡಿದವನು. ಆದರೆ ಎಂಟು ವರ್ಷದ ಹಿಂದೆ ಅಮೆರಿಕದ ನೀಲಿ ಪಾಸ್‌ಪೋರ್ಟ್ ಕೈಗೆ ಬಂದಿತ್ತು. ಆಮೇಲೆ ಯೂರೋಪಿನ ಯಾವ ಬಾಗಿಲಲ್ಲೂ ಅವನನ್ನು ಯಾರೂ ತಡೆದಿರಲಿಲ್ಲ. ಬಾಗಿಲು ಇದೆ ಅನ್ನುವುದನ್ನೇ ಮರೆತಿದ್ದ.

"ಏನಂತ ತಮ್ಮಾ?" ಮಲ್ಲಮ್ಮ ಮತ್ತೆ ಫೋನ್ ತೆಗೆದುಕೊಂಡಿದ್ದರು. "ನಾ ಏನರ ತಪ್ಪ್ ಮಾಡೀನೇನು?"

"ಇಲ್ಲಕ್ಕಾ, ಇಲ್ಲ. ಏರ್‌ಲೈನಿನವರದ್ದೇ ಏನೋ ಕಂಪ್ಯೂಟರ್ ತೊಂದರೆ. ನೀವು ಒಂದು ಕಡೆ ಕೂತ್ಕೊಳ್ಳಿ, ನಾನು ಬೇರೆ ಟಿಕೆಟ್ ಮಾಡ್ತೀನಿ."

"ಮತ್ತ ಪದ್ಮಾ? ಅಕಿ ನನ್ನ ದಾರಿ ನೋಡ್ತಾಳಲ್ಲೋ. ಅಕಿಗೆ ಯಾರು ಹೇಳ್ತಾರ?"

"ನಾನು ಹೇಳ್ತೀನಿ. ಈಗಲೇ ಫೋನ್ ಮಾಡ್ತೀನಿ. ನೀವು ಯಾರಿಗೂ ಮಾಡಬೇಡಿ, ಚೇತನಾ ಗಾಬರಿ ಆಗ್ತಾಳೆ."

ಆಗ ಶಿಕಾಗೊದಲ್ಲಿ ಹನ್ನೆರಡೂ ಇಪ್ಪತ್ತು. ಪದ್ಮಮ್ಮನ ವಿಮಾನ ನಾಲ್ಕು ಗಂಟೆಗೆ. ಅವರಿನ್ನೂ ನೇಪರ್‌ವಿಲ್ಲಿನ ಮನೆಯಲ್ಲೇ, ಮೊಮ್ಮಗುವನ್ನು ಎತ್ತಿಕೊಂಡು ಇದ್ದರು. ಇಕ್ರಾಮ್ ಜಾನ್ವಿಯ ನಂಬರ್ ತೆಗೆದ. ಬೆರಳು ಅದರ ಮೇಲೇ ಇತ್ತು. ಏನಾಯ್ತು ಅಂಕಲ್ ಅಂತ ಕೇಳ್ತಾಳೆ. ವೀಸಾ ನೋಡಲಿಲ್ಲಮ್ಮ ಅನ್ನಬೇಕು. ನೀವೇ ಅಲ್ವಾ ಅಂಕಲ್ ಮಾಡಿದ್ದು ಅಂತಾಳೆ. ಬೆರಳನ್ನು ಹಿಂದಕ್ಕೆ ತೆಗೆದ. ಇರಲಿ, ಬೆಂಗಳೂರಿನಿಂದ ನೇರ ಫ್ರಾಂಕ್‌ಫರ್ಟಿಗೆ ಹೋಗುವ ಇನ್ನೊಂದು ವಿಮಾನ ಇದೆಯಲ್ಲ, ಅದರಲ್ಲಿ ಸೀಟು ಸಿಕ್ಕರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಆಗುತ್ತೆ, ಆಮೇಲೆ ಹೇಳಿದರಾಯಿತು ಅಂದುಕೊಂಡ.

ಸೀಟು ಸಿಗಲಿಲ್ಲ. ಫೋನಿನಲ್ಲಿ ಸಂಗೀತ ಕೇಳಿಸಿಕೊಂಡು ಒಂದು ಗಂಟೆ ಕಾದ, ವಿಮಾನ ತುಂಬಿದೆ ಅಂದರು. ಅಷ್ಟರಲ್ಲಿ ಎರಡೂವರೆ. ಪದ್ಮಮ್ಮ ಕಾರಿನಲ್ಲಿರಬಹುದು. ಈಗಲೂ ಹೇಳಬಹುದಿತ್ತು. ಅವನು ಏನು ಮಾಡಿದ ಗೊತ್ತೇ? ಬೆಂಗಳೂರಿನಿಂದ ಬೆಳಗಿನ ಜಾವ ದೋಹಾ ಮೇಲೆ ಹೊರಡುವ ವಿಮಾನಕ್ಕೆ ತನ್ನ ಕಾರ್ಡಿನಲ್ಲೇ ಟಿಕೆಟ್ ಮಾಡಿದ. ಮಲ್ಲಮ್ಮ ಮೊದಲು ಗೊತ್ತಾಗಿದ್ದ ದಿನವೇ ಡೆಟ್ರಾಯಿಟ್ ಮುಟ್ಟುತ್ತಾರೆ, ಯಾರೂ ಹೆಚ್ಚು ಕೇಳುವುದಿಲ್ಲ. ತಪ್ಪನ್ನು ಬೇಗ ಬೇಗ ಒರೆಸಿಬಿಡುವ ಅವಸರ. ಆ ಅವಸರದಲ್ಲಿ ಅವನಿಗೆ ಹೊಳೆಯದೇ ಹೋದದ್ದು ಒಂದೇ: ಮಲ್ಲಮ್ಮ ಅವತ್ತು ಎಲ್ಲಿಗೂ ಹೋಗದೆ ಬೆಂಗಳೂರಿನಲ್ಲೇ ಒಂದು ದಿನ ಉಳಿದಿದ್ದರೆ, ಮಾರನೇ ರಾತ್ರಿ ಪದ್ಮ ಅಲ್ಲಿಗೇ ಬಂದು ಇಳಿಯುತ್ತಿದ್ದರು. ಜಾನ್ವಿಗೆ ಒಂದು ಫೋನ್ ಮಾಡಿದ್ದರೆ ಅವಳೇ ಹೇಳುತ್ತಿದ್ದಳು. ಚೇತನಾ ಹೇಳುತ್ತಿದ್ದಳು. ದಾರಿಯಲ್ಲಿ ಹೋಗುವವರನ್ನು ಕೇಳಿದ್ದರೂ ಹೇಳುತ್ತಿದ್ದರು. ಯಾರಿಗೂ ಹೇಳಲಿಲ್ಲವಲ್ಲ, ಹಾಗಾಗಿ ಯಾರೂ ಹೇಳಲಿಲ್ಲ.

ಪದ್ಮಮ್ಮ ಫ್ರಾಂಕ್‌ಫರ್ಟಿನಲ್ಲಿ ಇಳಿದರು. ಏರ್‌ಪೋರ್ಟಿನ ವೈಫೈಗೆ ಫೋನ್ ಸೇರಿಸುವುದು ಅವರಿಗೆ ಬರುತ್ತಿರಲಿಲ್ಲ. ಅಕ್ಕ ಬರುತ್ತಾಳೆ ಅಂತ ಐದು ಗಂಟೆ ಗೇಟಿನ ಮುಂದಿನ ಕುರ್ಚಿಯಲ್ಲಿ ಕೂತರು, ಹೆಸರು ಕೂಗಿದಾಗ ಎದ್ದು ವಿಮಾನ ಹತ್ತಿದರು. ಅವರು ಬೆಂಗಳೂರಿನಲ್ಲಿ ಇಳಿದು ಬೆಳಗಾವಿ ಮುಟ್ಟುವ ಹೊತ್ತಿಗೆ ಮಲ್ಲಮ್ಮ ಕ್ಯಾಂಟನ್ನಿನಲ್ಲಿ ಮಗಳ ತಲೆ ಬಾಚುತ್ತಿದ್ದರು.

"ಫೋನ್ ಮಾಡಿದ್ದೆ ಅಕ್ಕಾ, ಹತ್ತಲಿಲ್ಲ. ಅಷ್ಟೊತ್ತಿಗೆ ಅವರು ವಿಮಾನದಲ್ಲಿ ಕೂತು ಸ್ವಿಚ್ ಆಫ್ ಮಾಡಿದ್ರು," ಅಂದ ಇಕ್ರಾಮ್. ಬೆಂಗಳೂರಿನಲ್ಲಿ ತಡೆದಾಗ ಶಿಕಾಗೊದಲ್ಲಿ ಎಷ್ಟು ಗಂಟೆ ಅಂತ ಯಾರೂ ಲೆಕ್ಕ ಹಾಕಲಿಲ್ಲ. ಚೇತನಾ ನಂಬಿದಳು. ಜಾನ್ವಿ ನಂಬಿದಳು. ಏರ್‌ಲೈನಿನವರಿಗೆ ಎಲ್ಲರೂ ಸೇರಿ ಬೈದರು. ಹೋಗಲಿ ಬಿಡು, ಏಪ್ರಿಲ್‌ನಲ್ಲಿ ದೊಡ್ಡಮ್ಮ ವಾಪಸ್ ಹೋದಾಗ ಬೆಳಗಾವಿಗೇ ಹೋಗಿ ಒಂದು ತಿಂಗಳು ಇರಲಿ ಅಂತ ಜಾನ್ವಿ ಸಮಾಧಾನ ಹೇಳಿದಳು. ನವೆಂಬರಿನಲ್ಲಿ ಚೇತನಾಗೆ ಹೆಣ್ಣು ಮಗು ಆಯಿತು. ಮಲ್ಲಮ್ಮ ಬುತ್ತಿಗೆ ಕಟ್ಟಿದ್ದ ಶೇಂಗಾ ಹೋಳಿಗೆಯಲ್ಲಿ ಆರು ಇಕ್ರಾಮ್‌ನ ಮನೆಗೇ ಬಂದಿದ್ದವು. "ತಿನ್ರಿ, ಪಾಪ ಎಷ್ಟ್ ಓಡ್ಯಾಡೀರಿ," ಅಂತ ಕಳಿಸಿದ್ದರು. ಅವನು ಒಂದನ್ನೂ ಮುಟ್ಟಲಿಲ್ಲ.

ಮಲ್ಲಮ್ಮ ಬಂದ ವಾರವೇ ಬೇಸ್‌ಮೆಂಟಿಗೆ ಇಳಿದು ಹಳೆಯ ನೋಟ್‌ಬುಕ್ ಹುಡುಕಿದ. ಭಾರತದ ಪಾಸ್‌ಪೋರ್ಟ್ ಇದ್ದ ಕಾಲದ್ದು. ಒಂದೊಂದು ಪುಟದಲ್ಲೂ ಮೈಲಿ, ಹಾರುವ ಹೊತ್ತು, ನಡೆಯುವ ಹೊತ್ತು, ಅದರ ಪಕ್ಕದಲ್ಲಿ ಕೆಂಪು ಇಂಕಿನ ಇನ್ನೊಂದು ಸಾಲು. ಪ್ಯಾರಿಸ್–ಫ್ರಾಂಕ್‌ಫರ್ಟ್ ಎದುರು ಅವನದೇ ಕೈಬರಹ: "ನಮ್ಮ ಪಾಸ್‌ಪೋರ್ಟಿಗೆ ಆಗಲ್ಲ." ಲ್ಯಾಪ್‌ಟಾಪಿನ ಹೊಸ ಪಟ್ಟಿ ಮಾಡುವಾಗ ಆ ಕೆಂಪು ಸಾಲನ್ನು ಬಿಟ್ಟುಬಿಟ್ಟಿದ್ದ. ತನಗೆ ಬೇಡವಾಗಿತ್ತಲ್ಲ, ಬಿಟ್ಟಿದ್ದ. ತಣ್ಣನೆಯ ನೆಲದ ಮೇಲೆ ಕೂತು ಆ ಪುಟವನ್ನು ಎಷ್ಟು ಹೊತ್ತು ನೋಡಿದನೋ, ಮೇಲಿನಿಂದ ಶರ್ಫುನ್ನೀಸಾ ಊಟಕ್ಕೆ ಎರಡು ಸಲ ಕರೆದಳು.

ಹೆಂಡತಿಗೆ ಮಾತ್ರ ಎಲ್ಲ ಹೇಳಿದ. ಅವಳು, "ಆಯ್ತು, ಹೋಗಿ ಅವರಿಗೂ ಹೇಳಿಬಿಡಿ," ಅಂದಳು. "ಹೇಳ್ತೀನಿ, ಮಗು ಆಗಲಿ," ಅಂದ. ಮಗು ಆಯಿತು. "ಹೇಳ್ತೀನಿ, ನಾಮಕರಣ ಮುಗೀಲಿ." ಅದೂ ಮುಗಿಯಿತು. ಶಿಕಾಗೊ ಹತ್ತಿರದ ಲೆಮಾಂಟಿನ ದೇವಸ್ಥಾನಕ್ಕೆ ಮಗುವನ್ನು ಕರೆದುಕೊಂಡು ಹೋಗುವಾಗ ಮಲ್ಲಮ್ಮ ಇವನನ್ನೇ ಡ್ರೈವ್ ಮಾಡಲು ಕೇಳಿದರು. ನಾಲ್ಕೂವರೆ ಗಂಟೆ ಪಕ್ಕದ ಸೀಟಿನಲ್ಲಿ ಕೂತು ತಂಗಿಯ ಕಥೆ ಹೇಳಿದರು. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ತಾಟು, ತಂಗಿ ಬರುವ ತನಕ ಅಕ್ಕ ತುತ್ತು ಎತ್ತುತ್ತಿರಲಿಲ್ಲ, ಅಕ್ಕ ಬರುವ ತನಕ ತಂಗಿ. "ಮದಿವಿ ಆಗಿ ಮೊದಲನೇ ಸಲ ಗಂಡನ ಮನ್ಯಾಗ ಒಬ್ಬಾಕಿನ ಕುಂತು ಉಣ್ಣುವಾಗ ಅತ್ತೀನಿ ನೋಡು," ಅಂತ ನಕ್ಕರು. ಇಕ್ರಾಮ್ ದಾರಿಯುದ್ದಕ್ಕೂ ಎಕ್ಸಿಟ್ ನಂಬರುಗಳನ್ನೇ ನೋಡುತ್ತಿದ್ದ.

ಫೆಬ್ರವರಿ ಕೊನೆಯ ವಾರ ಪದ್ಮಮ್ಮ ತೀರಿಕೊಂಡರು. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಚೇತನಾ ಅಳುತ್ತಾ ಫೋನ್ ಮಾಡಿ, "ಅಂಕಲ್, ಬೇಗ ಅಂದ್ರೆ ಯಾವ ದಾರಿ?" ಅಂತ ಕೇಳಿದಳು. ಅವನಿಗೆ ಪಟ್ಟಿ ನೋಡುವುದೇ ಬೇಕಿರಲಿಲ್ಲ. ಯಾವ ದಾರಿಯಲ್ಲಿ ಹೋದರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವುದಿಲ್ಲ. ಅದನ್ನೂ ಅವನೇ ಹೇಳಬೇಕಾಯಿತು. ಮಲ್ಲಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತಂಗಿಯ ಮುಖವನ್ನು ಯಾರೋ ಹಿಡಿದ ಫೋನಿನೊಳಗೆ ನೋಡಿದರು.

ಅವತ್ತಿನಿಂದ ಇಕ್ರಾಮ್ ಯಾರ ಟಿಕೆಟ್ಟನ್ನೂ ಮಾಡಲಿಲ್ಲ. ಕೆಲಸ ಜಾಸ್ತಿ ಅಂದ. ಕಣ್ಣು ನೋವು ಅಂದ. ಲ್ಯಾಪ್‌ಟಾಪಿನ ಪಟ್ಟಿಯನ್ನು ಅಳಿಸಿಹಾಕಿದ. ಮಾರ್ಚಿನಲ್ಲಿ ರಮ್ಜಾನ್ ಬಂತು. ಮಸೀದಿಗೆ ಹೋದ, ಹಣೆ ಊರಿ ಅತ್ತ, ಮಾಫಿ ಬೇಡಿದ. ಮನೆಗೆ ಬಂದರೆ ಅದೇ ಭಾರ.

"ಅಲ್ಲಾಹ್‌ನ ಹತ್ತಿರ ಕೇಳಿದ್ದು ಸಾಕು," ಅಂದಳು ಶರ್ಫುನ್ನೀಸಾ ಒಂದು ದಿನ, ಇಫ್ತಾರಿನ ಹಣ್ಣು ಹೆಚ್ಚುತ್ತಾ. ಅವಳಿಗೆ ಸಿಟ್ಟು ಬಂದಿತ್ತು. "ಅವನಿಗೆ ಮಾಡಿದ ತಪ್ಪನ್ನ ಅವನು ಮಾಫ್ ಮಾಡ್ತಾನೆ. ಆ ಅಕ್ಕನಿಗೆ ಮಾಡಿದ್ದನ್ನ ಆ ಅಕ್ಕನೇ ಮಾಡಬೇಕು. ನಾಲ್ಕು ಮನೆ ಆಚೆ ಇದ್ದಾರೆ. ಅದಕ್ಕೂ ಮೈಲಿ ಲೆಕ್ಕ ಹಾಕ್ತೀರಾ?"

ಹಬ್ಬಕ್ಕೆ ಎರಡು ದಿನ ಇತ್ತು. ಶನಿವಾರ ಮಧ್ಯಾಹ್ನ ಚೇತನಾ ಫೋನ್ ಮಾಡಿದಳು. ಅಮ್ಮ ಏಪ್ರಿಲ್ ಮೊದಲ ವಾರ ಹೊರಡಬೇಕು, ಬೇರೆ ಯಾರೂ ಬೇಡ, ಇಕ್ರಾಮ್‌ನೇ ಟಿಕೆಟ್ ಮಾಡಬೇಕು ಅಂತ ಹಟ ಹಿಡಿದಿದ್ದಾರೆ. ಒಂದು ಸಲ ಬನ್ನಿ ಅಂಕಲ್, ಪ್ಲೀಸ್.

ಹೋದ. ಶನಿವಾರವಾದರೂ ಚೇತನಾ ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದಳು. ಕೆಳಗೆ ಮಲ್ಲಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಒಂದು ತಿಂಗಳಲ್ಲಿ ಅವರು ಕುಗ್ಗಿಹೋಗಿದ್ದರು.

"ಬಾ ತಮ್ಮಾ, ಕುಂದ್ರು. ಚಾ ಕೊಡ್ತಿದ್ದೆ, ನಿನ್ನ ರೋಜಾ ಐತಿ." ಮಗುವನ್ನು ಮಗ್ಗುಲಿಗೆ ಮಲಗಿಸಿ ಕೈ ಒರೆಸಿಕೊಂಡರು. "ನನಗ ಒಂದ ಉಪಕಾರ ಮಾಡು. ಆ ಫ್ರಾಂಕ್‌ಫರ್ಟ್ ಅಂತಾರಲ್ಲ, ಅದರ ಮ್ಯಾಲೆ ಹೋಗೂಹಂಗ ಟಿಕೆಟ್ ಮಾಡು."

"ಯಾಕಕ್ಕಾ?"

"ಪದ್ಮಾ ಕುಂತಿದ್ದ ಜಾಗಾ ನೋಡಬೇಕು. ನಾ ಬರ್ತೀನಂತ ಕುಂತಿದ್ಲಲ್ಲ. ತಡಾ ಆದ್ರೂ ನಾ ಒಮ್ಮೆ ಅಲ್ಲಿಗೆ ಹೋಗಬೇಕೋ. ಅಕಿಗೆ ಹೋಗ್ತೀನಂತ ಹೇಳಿದ್ದೆ."

ಇಕ್ರಾಮ್ ಲ್ಯಾಪ್‌ಟಾಪ್ ತೆರೆದ. ಮತ್ತೆ ಮುಚ್ಚಿದ. ಸೋಫಾದಿಂದ ಇಳಿದು ಅವರ ಎದುರು ಕಾರ್ಪೆಟ್ಟಿನ ಮೇಲೆ ಕೂತ. ಐವತ್ತನಾಲ್ಕು ವರ್ಷದ ಗಂಡಸು ಹಾಗೆ ಧೊಪ್ಪನೆ ಕೂತದ್ದು ನೋಡಿ ಮಗು ಕಣ್ಣರಳಿಸಿತು.

"ಅಕ್ಕಾ, ಅವತ್ತು ಏರ್‌ಲೈನಿನವರದ್ದು ತಪ್ಪಿರಲಿಲ್ಲ. ನಂದು."

ಒಂದನ್ನೂ ಮುಚ್ಚಿಡದೆ ಹೇಳಿದ. ವೀಸಾ ನೋಡದೇ ಹೋದದ್ದು. ಹಳೆಯ ನೋಟ್‌ಬುಕ್ಕಿನ ಕೆಂಪು ಇಂಕು. ಅವರು ಫೋನ್ ಮಾಡಿದಾಗ ಪದ್ಮಮ್ಮ ಇನ್ನೂ ಮನೆಯಲ್ಲೇ ಇದ್ದದ್ದು. ಫೋನ್ ಹತ್ತಲಿಲ್ಲ ಅಂದದ್ದು ಸುಳ್ಳು, ಮಾಡೇ ಇರಲಿಲ್ಲ. ಕೊನೆಗೆ ಅತಿ ಕಷ್ಟ ಆದದ್ದು: "ನಿಮ್ಮನ್ನ ಅವಸರವಾಗಿ ದೋಹಾ ಮೇಲೆ ಕಳಿಸಿದೆ. ಒಂದು ದಿನ ಬೆಂಗಳೂರಲ್ಲೇ ನಿಲ್ಲಿಸಿದ್ರೆ ಅವರು ನಿಮಗೆ ಸಿಗ್ತಿದ್ರು ಅಕ್ಕಾ. ನೀವು ಮೊದಲೇ ಅದನ್ನೇ ಕೇಳಿದ್ರಿ. ನಾನು ಹೆಸರು ಉಳಿಸ್ಕೊಳ್ಳೋಕೆ ಹೋದೆ."

ಅಡಿಗೆಮನೆಯಲ್ಲಿ ಡಿಶ್‌ವಾಷರ್ ಓಡುತ್ತಿತ್ತು. ಮಹಡಿಯ ಮೇಲೆ ಚೇತನಾ ಇಂಗ್ಲಿಷಿನಲ್ಲಿ ಯಾರಿಗೋ ಏನೋ ಒಪ್ಪಿಸುತ್ತಿದ್ದಳು.

"ಅಕಿ ನನಗ ಒಂದ ಮಾತ ಹೇಳಿದ್ಲು," ಅಂದರು ಮಲ್ಲಮ್ಮ. "ಬೆಳಗಾಂವಿಗೆ ಹ್ವಾದ ಮ್ಯಾಲೆ. ಯಾರಿಗೂ ಹೇಳಬ್ಯಾಡಕ್ಕಾ, ನಗತಾರ ಅಂದಿದ್ಲು. ವಿಮಾನದಾಗ ನಾಷ್ಟಾ ಕೊಟ್ರಂತ, ಅಕ್ಕ ಬುತ್ತಿ ತರ್ತಾಳ, ಅಕಿ ಜೋಡಿ ಉಣ್ತೀನಂತ ಬ್ಯಾಡಂದ್ಲಂತ. ಅಲ್ಲಿ ಐದ್ ತಾಸು ಕುಂತ್ಲಲ್ಲ, ಸೀರಿ ಉಟ್ಟಾವ್ರು ದೂರದಾಗ ಕಂಡ್ರ ಎದ್ದು ನಿಲ್ಲೂದು, ಮತ್ತ ಕುಂದರೂದು. ಮಗ್ಗಲದಾಗ ಅಂಗಡಿ ಇತ್ತಂತ. ಹ್ವಾದ್ರ ಅಷ್ಟರಾಗ ನಾ ಬಂದು ಹುಡುಕ್ಯಾಡ್ತೀನಂತ ಹೋಗಲಿಲ್ಲ."

ಅವರು ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡರು.

"ಉಪಾಸ ಕುಂತಿದ್ಲೋ ತಮ್ಮಾ ಅಕಿ. ಬರೂದಿಲ್ಲಂತ ಯಾರರ ಒಬ್ರು ಹೇಳಿದ್ರ ಒಂದ್ ತುತ್ತು ತಿಂತಿದ್ಲು."

ಇಕ್ರಾಮ್‌ಗೆ ನಾಲಿಗೆ ಒಣಗಿತ್ತು. ಬೆಳಗಿನಿಂದ ಅವನ ಬಾಯಿಗೂ ಒಂದು ಹನಿ ನೀರು ಬಿದ್ದಿರಲಿಲ್ಲ. ಆದರೆ ತನ್ನ ಹಸಿವು ಮುಗಿಯುವ ಇಫ್ತಾರಿನ ನಿಮಿಷ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ ಅನ್ನುವುದು ಅವನಿಗೆ ಗೊತ್ತಿತ್ತು. ಮುಖ ಮುಚ್ಚಿಕೊಂಡು ಅತ್ತ. "ಮಾಫ್ ಮಾಡಿ ಅಕ್ಕಾ" ಅನ್ನಬೇಕೆಂದು ಆರು ತಿಂಗಳಿಂದ ಕಾದಿಟ್ಟಿದ್ದ ಮಾತು ಈಗ ಹೇಳಲು ನಾಚಿಕೆಯಾಯಿತು. ಹೇಳಲಿಲ್ಲ.

ಮಲ್ಲಮ್ಮ ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮಗುವಿನ ಅಂಗಿ ಸರಿಮಾಡಿ ಕೇಳಿದರು: "ಟಿಕೆಟ್ ಮಾಡ್ತೀಯೋ ಇಲ್ಲೋ?"

ಅವನು ಲ್ಯಾಪ್‌ಟಾಪ್ ತೆರೆದ. ಒಂದು ಗಂಟೆ ಐವತ್ತು ನಿಮಿಷದ ಬಿಡುವು ಇರುವ ಟಿಕೆಟ್ ಎಲ್ಲಕ್ಕಿಂತ ಮೇಲೆ ಬಂತು. ಹಿಂದೆ ಆಗಿದ್ದರೆ ಅದನ್ನೇ ಹೆಮ್ಮೆಯಿಂದ ತೋರಿಸುತ್ತಿದ್ದ.

"ಐದ್ ತಾಸಿಂದು ನೋಡು," ಅಂದರು ಮಲ್ಲಮ್ಮ.

ನೋಡಿದ. ಐದು ಗಂಟೆ ಇಪ್ಪತ್ತು ನಿಮಿಷದ್ದು ಒಂದಿತ್ತು. ಡೆಟ್ರಾಯಿಟ್‌ನಿಂದ ನೇರ ಫ್ರಾಂಕ್‌ಫರ್ಟ್, ಅಲ್ಲಿಂದ ನೇರ ಬೆಂಗಳೂರು. ಅಮೆರಿಕದ ವೀಸಾ ಇನ್ನೂ ಎಷ್ಟು ವರ್ಷ ಇದೆ, ಅಲ್ಲಿ ಇಳಿದು ಹತ್ತಲು ಇನ್ನೇನು ಬೇಕು, ಅವರ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ಮೂರು ಸಲ ಓದಿದ. ನಡುವೆ ಇನ್ನೊಂದು ಊರು ಇಲ್ಲ ತಾನೇ ಅಂತ ಅವರೂ ಕೇಳಿದರು. ಇಲ್ಲ ಅಂದ. ಪದ್ಮಮ್ಮ ಕೂತಿದ್ದ ಗೇಟಿನ ನಂಬರ್ ಅವರ ಹಳೇ ಟಿಕೆಟ್ಟಿನ ವಿಮಾನದ ನಂಬರಿನಿಂದ ಪತ್ತೆ ಹಚ್ಚಿ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟ. ಮಲ್ಲಮ್ಮ ಅದನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಎದ್ದು ಹೊರಡಲು ಬಾಗಿಲ ತನಕ ಬಂದಿದ್ದ. ಹಿಂದಿನಿಂದ ಕರೆದರು.

"ತಮ್ಮಾ. ಇನ್ನೊಂದ್ ಕೆಲಸ ಉಳದೈತಿ."

ತಿರುಗಿ ನೋಡಿದ. ಮಲ್ಲಮ್ಮ ತಮ್ಮ ಫೋನನ್ನು ಅವನ ಕಡೆ ಚಾಚಿದ್ದರು. ಪರದೆಯ ಮೇಲೆ ಜಾನ್ವಿಯ ಹೆಸರು.

"ನಾ ಹೇಳ್ತೀನಿ, ಈಗಲ ಫೋನ್ ಮಾಡ್ತೀನಿ ಅಂದಿದ್ದೆಲ್ಲ ಅವತ್ತ. ಆ ಫೋನ್ ಮಾಡು."

ತೆಗೆದುಕೊಂಡ. ಒತ್ತಿದ. ಎರಡು ರಿಂಗ್ ಆಯಿತು. ಆ ಕಡೆ ಯಾವುದೋ ನಲ್ಲಿಯ ಸದ್ದು, ಮಗುವಿನ ಅಳು, ಜಾನ್ವಿಯ ದನಿ: "ಹೇಳು ದೊಡ್ಡಮ್ಮ."

"ಜಾನ್ವೀ, ನಾನಮ್ಮ, ಇಕ್ರಾಮ್ ಅಂಕಲ್," ಅಂದ. "ಮಲ್ಲಮ್ಮಕ್ಕ ಫ್ರಾಂಕ್‌ಫರ್ಟಿಗೆ ಬರ್ತಾ ಇಲ್ಲ ಅಂತ ನನಗೆ ಗೊತ್ತಾದಾಗ ನಿಮ್ಮಮ್ಮ ಇನ್ನೂ ನಿಮ್ಮ ಮನೇಲೇ ಇದ್ರು."